ನನ್ನ ಕಡಲಿಗೆ ಏರಿ ಇತ್ತು

ಗೊತ್ತಿಲ್ಲದ ವಿಷಯದ ಬಗ್ಗೆ ಬಾಯಿ ಹಾಕಬಾರದು ಅಂತ ದೊಡ್ಡವರು ಹೇಳುತ್ತಾರೆ. ಅದನ್ನು ಕಟ್ಟುನಿಟ್ಟಾಗಿ ಪಾಲಿಸಿದರೆ ನಮ್ಮ ರಾಜಾಜಿನಗರದಲ್ಲಿ ಸಂಜೆ ಹೊತ್ತು ಒಂದು ಗೇಟಿನ ಹತ್ತಿರವೂ ಮಾತು ಕೇಳಿಸುವುದಿಲ್ಲ. ನಮ್ಮ ಮನೆಯವರು ಜನ್ಮದಲ್ಲಿ ಕ್ರಿಕೆಟ್ ಬ್ಯಾಟು ಮುಟ್ಟಿದವರಲ್ಲ, ಆದರೆ ರೇಡಿಯೋ ಮುಂದೆ ಕೂತು ಆಟಗಾರರನ್ನು ಬೈದೂ ಬೈದೂ ಗಂಟಲು ಕಟ್ಟಿಸಿಕೊಳ್ಳುತ್ತಾರೆ. ಎದುರುಮನೆಯ ರಿಟೈರ್ಡ್ ಹೆಡ್‌ಮಾಸ್ತರು ಚಂದ್ರನ ಮೇಲೆ ಮನುಷ್ಯ ಹೇಗೆ ಇಳಿದ ಅನ್ನುವುದನ್ನು ತಾವೂ ಜೊತೆಯಲ್ಲಿ ಹೋಗಿ ಬಂದವರ ಹಾಗೆ ವರ್ಣಿಸುತ್ತಾರೆ. ಅವರನ್ನೆಲ್ಲ ಯಾರೂ ಏನೂ ಅನ್ನುವುದಿಲ್ಲ. ನಾನೊಬ್ಬಳು ಸಮುದ್ರ ನೋಡದೆ ಸಮುದ್ರದ ಮೇಲೆ ಕಾದಂಬರಿ ಬರೆದದ್ದು ಮಾತ್ರ ದೊಡ್ಡ ವಿಷಯವಾಗಿಬಿಟ್ಟಿತು. ಬರೆದೆ, ಏನೀಗ? ಚೆನ್ನಾಗೇ ಬರೆದೆ. ಇವತ್ತಿಗೂ ಆ ಪುಸ್ತಕ ಕೈಗೆ ಸಿಕ್ಕರೆ ಒಲೆಯ ಮೇಲಿನ ಸಾರು ಮರೆತು ಓದುತ್ತಾ ಕೂತುಬಿಡುತ್ತೇನೆ. ಬರೆದವಳು ನಾನೇ ಅನ್ನುವುದೂ ಮರೆತು ಒಂದೆರಡು ಕಡೆ ಕಣ್ಣೊರೆಸಿಕೊಳ್ಳುತ್ತೇನೆ.

ಇದು ಎಪ್ಪತ್ತರ ದಶಕದ ನಡುವಿನ ಮಾತು. ಆಗ ನಮ್ಮ ಬೀದಿಯ ಹೆಂಗಸರಿಗೆಲ್ಲ ಕಡಲತೀರದ ಹಬ್ಬದ ಕಾದಂಬರಿಗಳ ಹುಚ್ಚು ಹಿಡಿದಿತ್ತು. ಮೇನ್ ರೋಡಿನಲ್ಲಿ ಪುಟ್ಟಸ್ವಾಮಿ ಎನ್ನುವವರು ತಮ್ಮ ಮನೆಯ ಮುಂದಿನ ಕೋಣೆಯಲ್ಲಿ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿ ಇಟ್ಟಿದ್ದರು. ಹೊಸ ಪುಸ್ತಕ ಬಂತು ಅಂದರೆ ಸಾಕು, ಸೀಮೆಎಣ್ಣೆ ಬಂದ ದಿನದ ಹಾಗೆ ಜನ ಸೇರುತ್ತಿದ್ದರು. ಎಲ್ಲ ಕಾದಂಬರಿಗಳ ಕಥೆಯೂ ಹೆಚ್ಚುಕಮ್ಮಿ ಒಂದೇ. ಪಟ್ಟಣದಲ್ಲಿ ಮನಸ್ಸು ಮುರಿದುಕೊಂಡ ಹುಡುಗಿ ಹಬ್ಬಕ್ಕೆ ಅಂತ ಕಡಲತೀರದ ಪುಟ್ಟ ಹಳ್ಳಿಗೆ, ಅಜ್ಜಿಯ ಮನೆಗೆ ಹೋಗುತ್ತಾಳೆ. ಬಸ್ಸಿನಿಂದ ಇಳಿಯುತ್ತಿದ್ದ ಹಾಗೇ ಒಬ್ಬ ಒರಟನ ಜೊತೆ ಜಗಳ ಆಗುತ್ತೆ. ಅವನು ನೋಡೋಕೆ ಒರಟ, ಒಳಗೆ ಬೆಣ್ಣೆ. ಹಬ್ಬದ ದಿನ ದೀಪ ಹಚ್ಚುವ ಹೊತ್ತಿಗೆ ಇಬ್ಬರಿಗೂ ಬುದ್ಧಿ ಬರುತ್ತೆ, ಅಜ್ಜಿ ಆನಂದಬಾಷ್ಪ ಸುರಿಸುತ್ತಾಳೆ, ಊರಿಗೆಲ್ಲ ಪಾಯಸ. ಕೊನೆ ಏನಾಗುತ್ತೆ ಅಂತ ಮೊದಲ ಪುಟದಲ್ಲೇ ಗೊತ್ತಿದ್ದರೂ ನಾವು ಉಸಿರು ಬಿಗಿಹಿಡಿದು ಓದುತ್ತಿದ್ದೆವು. ಹಬ್ಬದ ಕಥೆಯೂ ಹಬ್ಬದ ಹಾಗೇ ತಾನೆ? ಹೋಳಿಗೆ ಮಾಡ್ತಾರೆ ಅಂತ ಗೊತ್ತಿದೆ ಅಂದಮಾತ್ರಕ್ಕೆ ಯಾರಾದರೂ ತಿನ್ನದೆ ಬಿಡುತ್ತಾರೆಯೇ?

ಓದಿ ಓದಿ ಒಂದು ದಿನ ನನಗೆ ಇದೇನು ಮಹಾ ಅನ್ನಿಸಿತು. ಕಾಲೇಜು ಮ್ಯಾಗಜೀನಿನಲ್ಲಿ ನನ್ನ ಕಥೆ ಅಚ್ಚಾಗಿತ್ತು, ಬಹುಮಾನವೂ ಬಂದಿತ್ತು. ನಾನೂ ಒಂದು ಬರೀತೀನಿ ಅಂದೆ. ನಮ್ಮ ಮನೆಯವರು "ಬರಿ ಬರಿ" ಅಂದರು. ಅವರು ಯಾವುದಕ್ಕೂ ಬೇಡ ಅಂದವರಲ್ಲ, ಯಾಕೆಂದರೆ ಯಾವುದನ್ನೂ ಪೂರ್ತಿ ಕೇಳಿಸಿಕೊಂಡವರಲ್ಲ. ನಿಜವಾದ ಅಪ್ಪಣೆ ಆಗಬೇಕಾದ್ದು ನಮ್ಮ ಅತ್ತೆಯವರಿಂದ. ತಿಪಟೂರು ಕಡೆಯ ದೊಡ್ಡ ಮನೆತನದ ಹೆಣ್ಣುಮಗಳು. ಬೆಳಗ್ಗೆ ಪೂಜೆ ಮುಗಿಸಿ ಹಣೆಗೆ ವಿಭೂತಿ ಬಳಿದುಕೊಂಡು ಹೊರಗೆ ಬಂದರೆ ಹಾಲಿನವನೂ ನೀರು ಬೆರೆಸಿದ್ದನ್ನು ಒಪ್ಪಿಕೊಂಡುಬಿಡುತ್ತಿದ್ದ. ನಾನು ಮದುವೆಯಾಗಿ ಬಂದ ಮೇಲೆ ಅವರ ಬಾಯಲ್ಲಿ ಒಂದೇ ಒಂದು ಸಲವೂ ಚೆನ್ನಾಗಿದೆ ಅನ್ನುವ ಮಾತು ಕೇಳಿರಲಿಲ್ಲ. ಉಪ್ಪು ಸರಿಯಾಗಿದ್ದರೆ ಸುಮ್ಮನೆ ಊಟ ಮಾಡುತ್ತಿದ್ದರು, ಅದೇ ಹೊಗಳಿಕೆ.

"ಮದ್ವೆಗೆ ಮುಂಚೆ ಹುಡುಗ ಹುಡುಗಿ ಮಾತಾಡೋ ಕಥೆ ತಾನೆ?" ಅಂದರು ಅತ್ತೆ, ಹುರುಳಿಕಾಯಿ ಸೋಸುತ್ತಾ.

"ಕೊನೇಲಿ ಮದ್ವೆ ಆಗತ್ತೆ ಅತ್ತೆ."

"ಬರಿ, ಬೇಡ ಅನ್ನಲ್ಲ. ಆದ್ರೆ ಒಂದು ಮಾತು ಕೇಳ್ಕೋ ಗಿರಿಜಾ. ನಾಕು ಜನದ ಮುಂದೆ ನಮ್ಮನೆ ಸೊಸೆ ನಗೆಪಾಟಲಾದಳು ಅನ್ನೋದು ನನ್ನ ಕಿವಿಗೆ ಬಿತ್ತೋ, ಅವತ್ತೇ ಪೆನ್ನು ಮುಚ್ಚಿ ಒಳಗಿಡಬೇಕು. ಆಮೇಲೆ ಅತ್ತು ಕರೆದು ಮಾಡ್ಬಾರ್ದು."

ಒಪ್ಪಿಕೊಂಡೆ. ನನ್ನ ಇಡೀ ಬರವಣಿಗೆ ಆ ಒಂದು ಮಾತಿಗೆ ನೇತುಬಿದ್ದಿದೆ ಅಂತ ಗೊತ್ತಿದ್ದೂ ಒಪ್ಪಿಕೊಂಡೆ, ಅಷ್ಟು ಧೈರ್ಯ ನನಗೆ.

ಈಗ ಸಮುದ್ರದ ಪ್ರಶ್ನೆ ಬಂತು. ಕಥೆಯಲ್ಲಿ ಸಮುದ್ರ ಇರಲೇಬೇಕು, ನಾನು ನೋಡಿಲ್ಲ. ಸಿನಿಮಾದಲ್ಲಿ ಬರುತ್ತಿತ್ತು ನಿಜ, ಆದರೆ ಅದರ ಮುಂದೆ ಹೀರೋ ನಿಂತಿರುತ್ತಿದ್ದನಲ್ಲ, ನೀರನ್ನು ಯಾರು ನೋಡುತ್ತಾರೆ? ಓದಿದ ಕಾದಂಬರಿಗಳಲ್ಲೆಲ್ಲ ಕಡಲು ಭೋರ್ಗರೆಯಿತು, ಕಡಲು ನಿಟ್ಟುಸಿರಿಟ್ಟಿತು ಅಂತಷ್ಟೇ ಬರೆದಿದ್ದರೇ ಹೊರತು ಅದು ಹೇಗೆ ನಿಂತಿದೆ, ಅದರ ದಡ ಹೇಗಿದೆ ಅಂತ ಒಬ್ಬರೂ ಬಿಡಿಸಿ ಹೇಳಿರಲಿಲ್ಲ. ದೊಡ್ಡದು, ಉಪ್ಪು ಅನ್ನುವುದು ಗೊತ್ತಿತ್ತು. ಮಿಕ್ಕಂತೆ ನೀರೇ ತಾನೆ? ನೀರು ಅಂದ ಮೇಲೆ ನಾವು ಬಯಲುಸೀಮೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ, ಕೆರೆಯ ಬದಿಯಲ್ಲೇ ಹುಟ್ಟಿ ಬೆಳೆದವರು. ಭಾನುವಾರ ಬೆಳಗ್ಗೆ ಚಿತ್ರಾನ್ನ ಕಟ್ಟಿಕೊಂಡು ನಮ್ಮ ಮನೆಯವರ ಸ್ಕೂಟರ್ ಹತ್ತಿ ಮಲ್ಲತ್ತಹಳ್ಳಿ ಕೆರೆಗೆ ಹೊರಟೆ. ಆಗ ಆ ಕಡೆ ಬರೀ ರಾಗಿ ಹೊಲ, ತೋಪು. ಏರಿಯ ಮೇಲೆ ಕೂತು ನೀರನ್ನು ದಿಟ್ಟಿಸಿದೆ. ಗಾಳಿ ಬೀಸಿದಾಗ ಪುಟ್ಟ ಪುಟ್ಟ ಅಲೆ ಏಳುತ್ತಿತ್ತು. ಅದನ್ನು ಮನಸ್ಸಿನಲ್ಲೇ ತೆಂಗಿನಮರದಷ್ಟು ಎತ್ತರ ಮಾಡಿಕೊಂಡೆ. ಆಚೆ ದಡವನ್ನು ಕೈ ಅಡ್ಡ ಹಿಡಿದು ಮರೆಮಾಡಿಕೊಂಡೆ. ಸಮುದ್ರ ಸಿದ್ಧವಾಯಿತು. ಪಕ್ಕದಲ್ಲಿ ನಮ್ಮ ಮನೆಯವರು ಟವೆಲ್ಲು ಹಾಸಿಕೊಂಡು ಗೊರಕೆ ಹೊಡೆಯುತ್ತಿದ್ದರು, ಅದನ್ನು ಕಡಲಿನ ಮೊರೆತಕ್ಕೆ ಇಟ್ಟುಕೊಂಡೆ.

ಹೀಗೆ ಹುಟ್ಟಿದ್ದು 'ಕೋಡಿ ಬಿದ್ದ ಕಡಲು'. ಅದರಲ್ಲಿ ಬರುವ ಹಳ್ಳಿ ಎಷ್ಟು ಮುದ್ದಾಗಿದೆ ಅಂತೀರಿ! ಊರ ಮುಂದೆ ಸಮುದ್ರ, ಸಮುದ್ರಕ್ಕೆ ಭದ್ರವಾದ ಏರಿ, ಏರಿಯ ಮೇಲೆ ಸಾಲಾಗಿ ಹೊಂಗೆಮರ. ನನ್ನ ನಾಯಕಿ ಸಂಜೆ ಹೊತ್ತು ಅದರ ಮೇಲೇ ಓಡಾಡುತ್ತಾ ಯೋಚನೆ ಮಾಡುತ್ತಾಳೆ. ನಾಯಕ ದೋಣಿಯವನು. ಬಲೆ ಬೀಸಿ ಮೀನು ಹಿಡಿಯುತ್ತಾನೆ, ಆದರೆ ನಮ್ಮ ಮನೆಯಲ್ಲಿ ಕೂತು ಬರೆದ ಕಥೆಯಲ್ಲಿ ಮೀನು ಬೇಯಿಸುವುದು ಹೇಗೆ? ಹಾಗಾಗಿ ಅವನು ಹಿಡಿದ ಮೀನನ್ನು ಕರುಣೆಯಿಂದ ನೋಡಿ ಮತ್ತೆ ನೀರಿಗೇ ಬಿಡುತ್ತಾನೆ, ಮಧ್ಯಾಹ್ನ ಅಕ್ಕಿರೊಟ್ಟಿ, ಎಣ್ಣೆಗಾಯಿ ಊಟ ಮಾಡುತ್ತಾನೆ. ದೀಪಾವಳಿಯ ಹಿಂದಿನ ಸಂಜೆ ನೀರು ತುಂಬುವ ಹಬ್ಬಕ್ಕೆ ನಾಯಕಿ ಹಂಡೆಗೆ ಸುಣ್ಣದ ಪಟ್ಟೆ ಬಳಿದು, ಕೊಡ ಎತ್ತಿಕೊಂಡು ಸಮುದ್ರಕ್ಕೆ ಹೋಗಿ ನೀರು ತರುತ್ತಾಳೆ. ಬೆಳಗ್ಗೆ ಮನೆಮಂದಿಯೆಲ್ಲ ಅದರಲ್ಲೇ ಎಣ್ಣೆಸ್ನಾನ. ಆಮೇಲೆ ಮೂರು ದಿನ ಜಡಿಮಳೆ. ಸಮುದ್ರ ತುಂಬಿ, ಏರಿಯ ಮಟ್ಟಕ್ಕೆ ಬಂದು, ಕೋಡಿ ಬೀಳುತ್ತೆ! ತುಂಬಿ ಹೆಚ್ಚಾದ ನೀರು ಬೆಳ್ಳಿಯ ಹಾಗೆ ಹೊರಕ್ಕೆ ಹರಿಯುತ್ತೆ. ಊರಿಗೆ ಊರೇ ತಮಟೆ ಬಡಿದುಕೊಂಡು ಬರುತ್ತೆ. ಹೆಂಗಸರು ಮೊರದಲ್ಲಿ ಅರಿಶಿನ, ಕುಂಕುಮ, ಬಳೆ, ಕುಬುಸ ಇಟ್ಟು ಸಮುದ್ರಕ್ಕೆ ಬಾಗಿನ ಬಿಡುತ್ತಾರೆ. ನಾಯಕಿಯ ಬಾಗಿನ ತೇಲಿ ತೇಲಿ ನೇರವಾಗಿ ನಾಯಕನ ದೋಣಿಗೆ ತಾಗುತ್ತೆ. ಆ ಭಾಗ ಬರೆಯುವಾಗ ನನಗೆ ಮೈ ಜುಮ್ ಅಂದಿತ್ತು.

ಪುಟ್ಟಸ್ವಾಮಿ ಓದಿ, "ಮೇಡಂ, ಎಲ್ಲಾ ಕಾದಂಬರೀಲೂ ಸಮುದ್ರ ಸುಮ್ನೆ ಇರತ್ತೆ. ನಿಮ್ಮದ್ರಲ್ಲಿ ಕೆಲಸ ಮಾಡತ್ತೆ" ಅಂದರು. ತಾವೇ ಅಚ್ಚು ಹಾಕಿಸಿ ದೀಪಾವಳಿಗೆ ಬಿಡುಗಡೆ ಮಾಡಿದರು. ನಂಬಿ, ಬಿಡಿ, ಪುಸ್ತಕ ಬೀದಿಯಿಂದ ಬೀದಿಗೆ ಓಡಿತು. ವಿಜಯನಗರದಿಂದ, ಬಸವೇಶ್ವರನಗರದಿಂದ ಬಸ್ಸು ಹಿಡಿದು ಬಂದು ಎರವಲು ಒಯ್ದರು. ಹಪ್ಪಳ ಒತ್ತುವ ಕಡೆ ಒಬ್ಬರು ಗಟ್ಟಿಯಾಗಿ ಓದುವುದು, ಮಿಕ್ಕವರು ಒತ್ತುತ್ತಾ ಕೇಳುವುದು. ಬಾಗಿನದ ಭಾಗ ಬಂದಾಗ ಎಲ್ಲರೂ ಲಟ್ಟಣಿಗೆ ನಿಲ್ಲಿಸಿ ಕೂತಿದ್ದರಂತೆ. ನಾನು ತರಕಾರಿಗೆ ಹೋದರೆ "ಕಾದಂಬರಿ ಮೇಡಂ ಬಂದ್ರು" ಅಂತ ದಾರಿ ಬಿಡುತ್ತಿದ್ದರು. ನನಗೆ ಕೊಂಬು ಬಂದಿತ್ತು ಅಂತ ನಮ್ಮ ಮನೆಯವರು ಹೇಳುತ್ತಾರೆ. ಬಂದಿತ್ತು, ಸುಳ್ಳಲ್ಲ. ಬರಬೇಕಾದ ಹೊತ್ತಿಗೆ ಬರದಿದ್ದರೆ ಇನ್ನು ಯಾವಾಗ ಬರುತ್ತೆ?

ಅತ್ತೆ ಮಾತ್ರ ಏನೂ ಹೇಳಲಿಲ್ಲ. ಅವರಿಗೆ ಓದು ಬರುತ್ತಿರಲಿಲ್ಲ. ಹಪ್ಪಳದ ಮನೆಯಲ್ಲಿ ಕೂತು ಪೂರ್ತಿ ಕೇಳಿದ್ದರು ಅನ್ನುವುದು ಬೇರೆಯವರಿಂದ ತಿಳಿಯಿತು.

ಅಷ್ಟರಲ್ಲಿ ಪಕ್ಕದ ಮನೆಗೆ ಸುಮತಿ ಬಂದಳು. ಗಂಡನಿಗೆ ಬ್ಯಾಂಕಿನಲ್ಲಿ ಕೆಲಸ, ಉಡುಪಿಯ ಕಡೆಯಿಂದ ವರ್ಗವಾಗಿ ಬಂದವರು. ಒಳ್ಳೆಯ ಹೆಂಗಸು, ಬಂದ ವಾರದಲ್ಲೇ ಮಹಿಳಾ ಸಮಾಜಕ್ಕೆ ಸೇರಿದಳು. ಸಮಾಜದವರು ನನ್ನ ಪುಸ್ತಕಕ್ಕೆ ಒಂದು ಅಭಿನಂದನೆ ಇಟ್ಟುಕೊಂಡಿದ್ದರು. ಕಡಲತೀರದವಳೇ ಸಿಕ್ಕಿದಳಲ್ಲ, ಅವಳೇ ಪುಸ್ತಕದ ಬಗ್ಗೆ ಮಾತಾಡಲಿ ಅಂತ ಎಲ್ಲರೂ ಸೇರಿ ತೀರ್ಮಾನ ಮಾಡಿದರು. ಹಿಂದಿನ ದಿನ ಸುಮತಿ ಪುಸ್ತಕ ಹಿಡಿದುಕೊಂಡು ಹಿತ್ತಲ ಬಾಗಿಲಿನಿಂದ ಬಂದಳು. ಮುಖ ಸಪ್ಪಗಿತ್ತು.

"ಗಿರಿಜಕ್ಕ, ಒಂದು ಕೇಳ್ತೇನೆ, ಬೇಜಾರು ಮಾಡ್ಬೇಡಿ. ಸಮುದ್ರಕ್ಕೆ ಏರಿ ಎಂತಕ್ಕೆ?"

"ನೀರು ನಿಲ್ಲೋಕೆ."

"ಅದು ನಿಲ್ಲುವುದೇ ಮಾರಾಯ್ರೆ. ಏರಿ ಗೀರಿ ಎಂತ ಇಲ್ಲ. ಬರೀ ಹೊಯಿಗೆ ಉಂಟು, ಮರಳು. ಮತ್ತೆ ಸಮುದ್ರದ ನೀರಿನಲ್ಲಿ ಎಣ್ಣೆಸ್ನಾನ ಮಾಡಿದ್ರೆ ಮೈಯೆಲ್ಲ ಅಂಟು. ನಮ್ಮಲ್ಲಿಯೂ ದೀಪಾವಳಿಗೆ ನೀರು ತುಂಬ್ತೇವೆ, ಆದ್ರೆ ಬಾವಿಯಿಂದ. ನಾಳೆ ನಾನು ಎಂತ ಮಾತಾಡುವುದು? ಸುಳ್ಳು ಹೇಳ್ಲಿಕ್ಕೆ ನನಗೆ ಬರುದಿಲ್ಲ."

ಅಡುಗೆಮನೆಯಲ್ಲಿ ಅತ್ತೆ ಇದ್ದರಲ್ಲ, ಅದಕ್ಕೆ ತಲೆ ಎತ್ತಿಯೇ ಹೇಳಿದೆ. "ನಿಮಗೆ ಕಂಡಿದ್ದು ನೀವು ಹೇಳಿ ಸುಮತಿ. ನಾನು ಬರೆದಿದ್ದು ಬರೆದಾಯ್ತು." ಅವಳು ಹೋದ ಮೇಲೆ ಹಿತ್ತಲಲ್ಲಿ ಒಗೆಯುವ ಕಲ್ಲಿನ ಮೇಲೆ ಕೂತುಬಿಟ್ಟೆ. ನಾಳೆ ಸಮಾಜದಲ್ಲಿ ನಗು ಏಳುತ್ತೆ, ಅತ್ತೆ ಮುಂದಿನ ಸಾಲಿನಲ್ಲೇ ಕೂತಿರುತ್ತಾರೆ, ಅಲ್ಲಿಗೆ ನನ್ನ ಬರವಣಿಗೆ ಮುಗೀತು ಅಂತ ಲೆಕ್ಕ ಹಾಕಿದೆ. ಇನ್ನೂ ತಲೆಯಲ್ಲಿ ಎಷ್ಟು ಕಥೆ ಇತ್ತು!

ಮಾರನೆಯ ದಿನ ಸಮಾಜದ ಹಾಲ್ ಕಿಕ್ಕಿರಿದಿತ್ತು. ಹಾರ, ಶಾಲು, ಹಣ್ಣಿನ ತಟ್ಟೆ ಎಲ್ಲ ಆಯಿತು. ಸುಮತಿ ಎದ್ದು ಮೈಕಿನ ಮುಂದೆ ನಿಂತು ಪುಸ್ತಕವನ್ನು ಬಾಯಿತುಂಬ ಹೊಗಳಿದಳು. ಅಜ್ಜಿಯ ಪಾತ್ರ ತನ್ನ ಅಜ್ಜಿಯ ಹಾಗೇ ಇದೆ ಅಂದಳು. ನಾನು ಇಷ್ಟಕ್ಕೇ ನಿಲ್ಲಿಸಪ್ಪಾ ಶಿವನೇ ಅಂತ ಬೇಡಿಕೊಳ್ಳುತ್ತಿದ್ದೆ. ಆದರೆ ಅವಳು ಪ್ರಾಮಾಣಿಕಳು. "ಒಂದೇ ಒಂದು ಸಣ್ಣ ವಿಷಯ. ನಮ್ಮ ಕಡಲಿಗೆ ಏರಿ ಇರುವುದಿಲ್ಲ, ಅದು ಕೋಡಿ ಬೀಳುವುದೂ ಇಲ್ಲ" ಅಂದುಬಿಟ್ಟಳು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ಆ ನಗು ಸಾಲಿನಿಂದ ಸಾಲಿಗೆ ದಾಟಿಕೊಂಡು ಮುಂದೆ ಬರತೊಡಗಿತು. ನನ್ನ ಕಿವಿ ಬಿಸಿಯಾಯಿತು, ಕೊರಳಿನ ಹಾರ ಭಾರವಾಯಿತು.

ಆಗ ನಮ್ಮ ಅತ್ತೆ ಎದ್ದು ನಿಂತರು. ತಲೆಯ ಮೇಲಿನ ಸೆರಗು ಸರಿಮಾಡಿಕೊಂಡು, "ನಿಂತ್ಕೊಳವ್ವಾ" ಅಂದರು. ನಗು ಪಟ್ಟನೆ ನಿಂತಿತು. "ಏರಿ ಇಲ್ಲ ಅಂತೀಯಲ್ಲ, ಏರಿ ಇಲ್ದೆ ಅಷ್ಟು ನೀರು ನಿಲ್ಸಿರೋರು ಯಾರು?"

"ಯಾರೂ ಇಲ್ಲ ಅಮ್ಮ, ಅದೇ ನಿಂತದ್ದು."

"ತಾನಾಗೇ? ಒಂದು ಚೊಂಬು ನೀರು ಅಂಗಳಕ್ಕೆ ಚೆಲ್ಲಿದ್ರೆ ತಾನಾಗೇ ನಿಲ್ಲತ್ತಾ? ಹೋಗ್ಲಿ, ನಿಮ್ಮ ಕಡೆ ಮಳೆ ಹ್ಯಾಗೆ?"

"ಜೋರು ಮಳೆ ಅಮ್ಮ, ತಿಂಗಳುಗಟ್ಟಲೆ."

"ಹೊಳೆಗಳು ಬಂದು ಸೇರ್ತಾವಾ?"

"ಎಲ್ಲ ಅಲ್ಲಿಗೇ ಸೇರುವುದು."

"ಅಷ್ಟು ಮಳೆ, ಅಷ್ಟು ಹೊಳೆ, ಎಲ್ಲಾ ಬಂದು ಬೀಳತ್ತೆ, ಕೋಡಿ ಮಾತ್ರ ಬೀಳಲ್ಲ. ಹಂಗಾದ್ರೆ ಆ ನೀರೆಲ್ಲ ಎಲ್ಲಿಗೆ ಹೋಗತ್ತವ್ವಾ?"

ದಿನಾ ಸಮುದ್ರ ನೋಡಿಕೊಂಡು ಬೆಳೆದ ಸುಮತಿಗೆ ಆ ಪ್ರಶ್ನೆ ಜನ್ಮದಲ್ಲಿ ಹೊಳೆದಿರಲಿಲ್ಲ. ಹಾಲ್‌ನಲ್ಲಿ ಗುಸುಗುಸು ಶುರುವಾಯಿತು. "ಅಜ್ಜಿ ಹೇಳೋದು ಸರಿ ಕಣ್ರೀ." "ನಮ್ಮೂರ ಕೆರೆ ಏರಿ ಒಡೆದಾಗ ಒಂದು ತೊಟ್ಟು ನಿಲ್ಲಲಿಲ್ಲ, ಇನ್ನು ಸಮುದ್ರ ನಿಲ್ಲತ್ತಾ?" ಅಧ್ಯಕ್ಷೆ ಬಿ.ಎ. ಓದಿದವರು, ಆವಿಯಾಗುತ್ತೆ ಅಂತ ಏನೋ ಹೇಳೋಕೆ ಹೋದರು. ಅವರನ್ನು ಯಾರೂ ಕೇಳಿಸಿಕೊಳ್ಳಲಿಲ್ಲ. ಅಲ್ಲಿದ್ದವರೆಲ್ಲ ತುಮಕೂರು, ಚಿತ್ರದುರ್ಗ, ಮಾಗಡಿ, ಮಲ್ಲತ್ತಹಳ್ಳಿ ಕಡೆಯವರು. ಏರಿ ಇಲ್ಲದ ನೀರನ್ನು ನಂಬುವವರೇ ಅಲ್ಲ. ಸಮುದ್ರದ ವಿಷಯದಲ್ಲಿ ಸಮುದ್ರದವಳೊಬ್ಬಳೇ ಒಂದು ಕಡೆ, ಇಡೀ ಸಮಾಜ ಇನ್ನೊಂದು ಕಡೆ. ಕೊನೆಗೆ ಸುಮತಿಯೇ ನಗುತ್ತಾ ಕೈಮುಗಿದು, "ಆಯ್ತು ಅಮ್ಮ, ಇರಬಹುದು, ನಾನು ಸರಿ ನೋಡ್ಲಿಲ್ಲ ಕಾಣ್ತದೆ" ಅಂದಳು. ಚಪ್ಪಾಳೆಯೋ ಚಪ್ಪಾಳೆ. ನಾನು ಆ ಚಪ್ಪಾಳೆಯನ್ನು ಸಾಹಿತ್ಯಕ್ಕೇ ಬಂದದ್ದು ಅಂತ ಎದೆಯುಬ್ಬಿಸಿ ತೆಗೆದುಕೊಂಡೆ.

ಮನೆಗೆ ಬರುವಾಗ ದಾರಿಯಲ್ಲಿ ಮೆಲ್ಲಗೆ ಕೇಳಿದೆ. "ಅತ್ತೆ, ಒಂದಷ್ಟು ಜನ ನಕ್ಕರಲ್ಲ..."

"ನಕ್ಕೋರ ಬಾಯಿ ಮುಚ್ಚಿಸಿದ್ನಲ್ಲ. ಆದ್ರೂ ಆ ಸಮುದ್ರಾನ ನಾನೊಂದು ಸಲ ಕಣ್ಣಾರೆ ನೋಡ್ಬೇಕು. ನಾನು ಅಷ್ಟು ಜನದ ಮುಂದೆ ನಿನ್ನ ಪರ ಎದ್ದು ನಿಂತಿದೀನಿ. ನೀನು ಬರೆದಿದ್ದು ಸುಳ್ಳಾಗಿದ್ರೆ ಮಾತ್ರ ನಿನ್ನ ಬಿಡಲ್ಲ ಕಣೇ."

ಅಲ್ಲಿಗೆ ನನ್ನ ಸಂತೋಷ ಅರ್ಧ ಇಳಿಯಿತು. ಸುಮತಿಗೆ ಇದು ಗೊತ್ತಾಗಿದ್ದೇ ತಡ, ಮುಂದಿನ ದೀಪಾವಳಿಗೆ ನಮ್ಮನ್ನೆಲ್ಲ ತನ್ನ ತವರಿಗೆ ಕರೆದಳು. ಬೇಡ ಅನ್ನೋಕೆ ನಾನು ಇಲ್ಲದ ತಲೆನೋವು, ಹೊಟ್ಟೆನೋವು ಎಲ್ಲ ತಂದುಕೊಂಡೆ. ಅತ್ತೆ ಆಗಲೇ ಚಕ್ಕುಲಿ ಕರಿದು ಡಬ್ಬಿ ತುಂಬಿಸಿದ್ದರು. ಘಟ್ಟ ಇಳಿಯುವ ಬಸ್ಸಿನಲ್ಲಿ ಎಲ್ಲರೂ ತಿರುವುಗಳನ್ನು ಎಣಿಸುತ್ತಿದ್ದರೆ ನಾನು ಅತ್ತೆಗೆ ಹೇಳಬೇಕಾದ ನೆಪಗಳನ್ನು ಎಣಿಸುತ್ತಿದ್ದೆ.

ಸುಮತಿಯ ತವರಿನಿಂದ ತೆಂಗಿನ ತೋಟ ದಾಟಿದರೆ ಸಮುದ್ರ. ಮೊದಲು ಸದ್ದು ಬಂತು, ಆಮೇಲೆ ಒಣಗಲು ಹಾಕಿದ ಮೀನಿನ ವಾಸನೆ ಬಂತು. ಅತ್ತೆ ಮೂಗಿಗೆ ಸೆರಗು ಹಿಡಿದರು. ತೋಟ ಮುಗಿದದ್ದೇ ಎದುರಿಗೆ ಅದು. ಅಯ್ಯೋ ದೇವರೇ, ಎಲ್ಲಿ ನೋಡಿದರೂ ನೀರು, ಮುಗಿಯುವುದೇ ಇಲ್ಲ. ಏರಿ ಇಲ್ಲ, ಹೊಂಗೆಮರ ಇಲ್ಲ, ಎಲ್ಲ ಬಟಾಬಯಲು. ನಾನು ನೀರನ್ನು ನೋಡಲೇ ಇಲ್ಲ, ಅತ್ತೆಯ ಮುಖ ನೋಡುತ್ತಿದ್ದೆ. ಅವರು ಈ ತುದಿಯಿಂದ ಆ ತುದಿಯವರೆಗೆ ಹೊಲ ಕೊಳ್ಳಲು ಬಂದವರ ಹಾಗೆ ನಿಧಾನವಾಗಿ ನೋಡಿದರು.

"ಏನಮ್ಮ, ಈಗ ನಂಬಿಕೆ ಬಂತಾ?" ಅಂದಳು ಸುಮತಿ.

"ಬಂತವ್ವ. ನೀನು ಹೇಳಿದ್ದೇ ನಿಜ. ಏರಿ ಇಲ್ಲ" ಅಂದರು ಅತ್ತೆ. ನನ್ನ ಕಾಲ ಕೆಳಗಿನ ಮರಳು ಜಾರಿದ ಹಾಗಾಯಿತು, ಅಲೆಯೂ ಬಂದಿತ್ತು ಅನ್ನಿ. ಅತ್ತೆ ಮುಂದುವರಿಸಿದರು. "ಇಷ್ಟು ನೀರು, ಇಷ್ಟು ಜನ, ಪಕ್ಕದಲ್ಲೇ ಮಕ್ಕಳು ಮರಿ ಆಡ್ತಾವೆ. ಒಂದು ಏರಿ ಕಟ್ಟಿಸ್ಬೇಕು ಅಂತ ಇಷ್ಟು ವರ್ಷ ಯಾರಿಗೂ ಅನ್ನಿಸ್ಲೇ ಇಲ್ವಲ್ಲ. ನನ್ನ ಸೊಸೆ ಕಟ್ಟಿಸಿದ್ಲು ನೋಡು."

ಉಪ್ಪು ಗಾಳಿಗೆ ಕಣ್ಣು ಉರಿಯಿತು ಅಂತೆಲ್ಲ ನಾನು ನೆಪ ಹೇಳುವುದಿಲ್ಲ. ಗೊಳೋ ಅಂತ ಅಳು ಬಂತು. ನನ್ನ ಸೊಸೆ ಅಂದರು, ಅದೂ ಬೇರೆಯವರ ಸಮುದ್ರದ ಮುಂದೆ ನಿಂತು ಅಂದರು. ಆ ಹೆಮ್ಮೆ ನನಗೆ ಇವತ್ತಿಗೂ ಇಳಿದಿಲ್ಲ, ಇಳಿಸಿಕೊಳ್ಳುವ ಉದ್ದೇಶವೂ ಇಲ್ಲ.

ಕಥೆ ಇಲ್ಲಿಗೇ ಮುಗಿದಿದ್ದರೆ ಚೆನ್ನಾಗಿತ್ತು. ಆದರೆ ನಾನು ಈಗ ಸಮುದ್ರ ನೋಡಿದ ಲೇಖಕಿ. ಊರಿಗೆ ಬಂದವಳೇ ಎರಡನೆಯ ಕಾದಂಬರಿಗೆ ಕೂತೆ. ಎಲ್ಲವೂ ಅಚ್ಚುಕಟ್ಟು, ಒಂದು ಸಾಲೂ ತಪ್ಪಿಲ್ಲ. ಮರಳು ಇದೆ, ಮೀನಿನ ವಾಸನೆ ಇದೆ, ಸ್ನಾನಕ್ಕೆ ಬಾವಿಯ ನೀರು. ಸುಮತಿ ಓದಿ ಭೇಷ್ ಅಂದಳು. ಬಹಳ ಜಂಬದಿಂದ ಅತ್ತೆಗೆ ಓದಿ ಹೇಳಿದೆ. ಅವರು ಅಕ್ಕಿ ಆರಿಸುತ್ತಾ ಕೇಳಿದರು, ಒಂದು ಕಡೆಯೂ ಕೈ ನಿಲ್ಲಲಿಲ್ಲ.

"ಹ್ಯಾಗಿದೆ ಅತ್ತೆ?"

"ಇದ್ದ ಹಾಗೇ ಇದೆ" ಅಂದರು. "ಇದನ್ನ ನಾನೇ ಹೋಗಿ ನೋಡ್ಕೊಂಡು ಬಂದಿದೀನಲ್ಲೇ. ಇರೋದನ್ನ ಹೇಳೋಕೆ ನೀನ್ಯಾಕೆ ಬೇಕು?"

ನನಗೆ ಮೈಯೆಲ್ಲ ಉರಿದುಹೋಯಿತು. ಓದು ಬಾರದವರಿಗೆ ಸಾಹಿತ್ಯ ಹೇಗೆ ಗೊತ್ತಾಗಬೇಕು ಅಂತ ಗಂಡನ ಹತ್ತಿರ ಹಾರಾಡಿದೆ. ಅವರು "ಹೂಂ ಹೂಂ" ಅಂದರು. ಆದರೆ ಆ ಮಾತು ಅಕ್ಕಿಯಲ್ಲಿನ ಕಲ್ಲಿನ ಹಾಗೆ ಹಲ್ಲಿಗೆ ಸಿಕ್ಕುತ್ತಲೇ ಇತ್ತು. ಆ ಹಸ್ತಪ್ರತಿ ಪೆಟ್ಟಿಗೆ ಸೇರಿತು. ಹೊಸದೊಂದನ್ನು ಶುರು ಮಾಡಿದೆ, ಈ ಸಲ ಕಾಶ್ಮೀರದಲ್ಲಿ. ನನ್ನ ನಾಯಕಿ ಯುಗಾದಿಯ ಬೆಳಗ್ಗೆ ಎದ್ದು, ಹಿಮದ ಅಂಗಳಕ್ಕೆ ಸಗಣಿ ಹಾಕಿ ಸಾರಿಸಿ, ಎಳೆ ಎಳೆಯಾಗಿ ರಂಗೋಲಿ ಬಿಡುತ್ತಾಳೆ. ಅಷ್ಟು ಓದುವ ಹೊತ್ತಿಗೆ ಅತ್ತೆ ಅಕ್ಕಿಯ ಮೊರ ಕೆಳಗಿಟ್ಟು "ಆಮೇಲೆ?" ಅಂದರು. ಅದೇ ವಾರ ನಮ್ಮ ಮನೆಯವರು ಫ್ಯಾಕ್ಟರಿಯಿಂದ ಕುಣಿಯುತ್ತಾ ಬಂದರು. ಎಲ್‌ಟಿಸಿ ಮಂಜೂರಾಗಿದೆ, ಪ್ರಯಾಣದ ಖರ್ಚೆಲ್ಲ ಫ್ಯಾಕ್ಟರಿಯದೇ, ಬೇಸಿಗೆಗೆ ಎಲ್ಲರೂ ಕಾಶ್ಮೀರಕ್ಕೆ ಹೋಗೋಣ, ಹಿಮ ತೋರಿಸ್ತೀನಿ, ನಿನ್ನ ಬರವಣಿಗೆಗೂ ಅನುಕೂಲ ಅಂದರು. ಮದುವೆಯಾದ ಮೇಲೆ ಅವರು ನನ್ನ ಮಾತು ಪೂರ್ತಿ ಕೇಳಿಸಿಕೊಂಡು ಮಾಡಿದ ಮೊದಲ ಕೆಲಸ ಅದು.

ನಾನು, ಅತ್ತೆ ಇಬ್ಬರೂ ಒಟ್ಟಿಗೇ ಬೇಡ ಅಂದೆವು. ಕಾದಂಬರಿ ಇನ್ನೂ ಅರ್ಧದಲ್ಲಿತ್ತು.